ಮನಿಗೊಬ್ಬರು ಬರಬೇಕು ಅಂದವನು ನಮ್ಮಪ್ಪ, ಅನ್ನಿಸಿದವರು ನೀವು

ಅಂದು ದಂಡಾಧಿಕಾರಿಯಾಗಿದ್ದು, ಇಂದು ಅದಕ್ಕಿಂತ ಎತ್ತರದ ಕುರ್ಚಿ ಏರಿರುವ ಮಾನ್ಯರೇ,

ನಮ್ಮಪ್ಪ ಹಲಗಿ ಹೇಮಪ್ಪ ಸುಳ್ಳು ಡಂಗುರ ಸಾರಿ ಜನರನ್ನು ದಂಗೆ ಎಬ್ಬಿಸಿದ ಎಂದು ಆರು ವರ್ಷದ ಹಿಂದೆ ವರದಿ ಬರೆದವರು ನೀವು. ಆ ವರದಿ ಸುಳ್ಳು. ಅದು ಸುಳ್ಳೆಂದು ನಿಮಗೆ ಗೊತ್ತು, ಯಾಕೆಂದರೆ ಅವನು ಸಾರುವಾಗ ನೀವು ಅವನ ಬೆನ್ನ ಹಿಂದೆಯೇ ಜೀಪಿಗೆ ಒರಗಿ ನಿಂತಿದ್ದಿರಿ. ಬರುವ ತಿಂಗಳು ಹಾವೇರಿಯ ನ್ಯಾಯಾಲಯದಲ್ಲಿ ನೀವು ಸಾಕ್ಷಿ ಹೇಳಬೇಕು. ಒಂದೇ ಒಂದು ಮಾತು ನಿಜ ಹೇಳಿದರೆ ನಮ್ಮಪ್ಪ ಕೋರ್ಟಿನಿಂದ ಮನೆಗೆ ಬರುತ್ತಾನೆ. ಹೇಳದಿದ್ದರೆ ಜೈಲಿಗೆ ಹೋಗುತ್ತಾನೆ. ನನ್ನ ಗೆಳೆಯ ಮುಸ್ತಾಕ್ ಮಾತ್ರ ನೀವು ಏನು ಹೇಳಿದರೂ ಎಲ್ಲಿಗೂ ಬರುವುದಿಲ್ಲ. ನಿಮ್ಮ ವರದಿಯಲ್ಲಿ ಅವನು ನೂಕುನುಗ್ಗಲಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ. ನನ್ನ ಕಣ್ಣೆದುರು ಅವನು ಲಾಠಿಗೆ ಸಿಕ್ಕಿ ಸತ್ತ.

ನಾನು ಯಲ್ಲೇಶ, ಹೇಮಪ್ಪನ ಮಗ. ಈಗ ಗೋವಾದ ವಾಸ್ಕೋದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತೇನೆ. ನನಗೆ ಬರೆಯಲು ಕೂತರೆ ಕಾಲು ನಿಲ್ಲುವುದಿಲ್ಲ, ಎದ್ದು ಓಡಾಡಬೇಕು. ಅದಕ್ಕೇ ಓಡಾಡುತ್ತ ಮೊಬೈಲಿಗೆ ಮಾತಾಡಿ, ಅದರ ಮೆಮೊರಿ ಕಾರ್ಡನ್ನು ಊರ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ. ಹಾವೇರಿಯಲ್ಲಿ ಟೈಪಿಂಗ್ ಮಾಡುವ ನಮ್ಮೂರ ಹುಡುಗಿ ದುರ್ಗಾ ಅದನ್ನು ಕೇಳಿ ನಿಮಗೆ ಅರ್ಥವಾಗುವ ಕನ್ನಡಕ್ಕೆ ತರುತ್ತಾಳೆ. ಮಂದಿ ಆಡಿದ ಮಾತನ್ನು ಮಾತ್ರ ಮುಟ್ಟಬೇಡ ಅಂದಿದ್ದೇನೆ. ನಮ್ಮ ಮಾತು ನಿಮಗೆ ಅರ್ಥವಾಗದಿದ್ದುದೇ ಇಷ್ಟಕ್ಕೆಲ್ಲ ಕಾರಣ ಎಂದು ನಿಮ್ಮ ವಕೀಲರು ಹೇಳಬಹುದು. ಹೇಳಲು ಬಿಡಬೇಡಿ. ನಿಮಗೆ ಚೆನ್ನಾಗಿ ಅರ್ಥವಾಗಿತ್ತು.

ಎರಡು ಸಾವಿರದ ಎರಡನೆಯ ಇಸವಿಯ ಆ ಚಳಿಗಾಲ ನೆನಪು ಮಾಡಿಕೊಳ್ಳಿ. ಗಡಿಯಲ್ಲಿ ಸೈನ್ಯ ಎದುರುಬದುರು ನಿಂತಿತ್ತು. ಇಂದು ಯುದ್ಧ, ನಾಳೆ ಯುದ್ಧ ಎಂದು ರೇಡಿಯೋ ಹೇಳುತ್ತಿತ್ತು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೂತು ಹಮಾಲರು ಲಾಹೋರನ್ನು ಗೆದ್ದು, ಚಹಾ ಕುಡಿದು, ಮತ್ತೆ ಚೀಲ ಹೊರುತ್ತಿದ್ದರು. ಅಂಥ ಹೊತ್ತಿನಲ್ಲಿ ನಿಮ್ಮ ಜೀಪು ಕಾಗಿನೆಲೆ ದಾಟಿ ನಮ್ಮೂರ ಅಗಸಿ ಬಾಗಿಲಿಗೆ ಬಂದು ನಿಂತಿತು. ರಾಣೆಬೆನ್ನೂರಿನಲ್ಲಿ ಸೈನ್ಯಕ್ಕೆ ಭರ್ತಿ ನಡೆಯುತ್ತದೆ, ಬಹಳ ಮಂದಿ ಬರಬೇಕು, ಕಡಿಮೆ ಬಂದರೆ ತಾಲೂಕಿನ ಮಾನ ಹೋಗುತ್ತದೆ ಎಂದು ನಿಮ್ಮ ಕಚೇರಿಯ ಸಿಪಾಯಿ ಅಪ್ಪನಿಗೆ ಹೇಳಿದ. ಅಪ್ಪ ಡಂಗುರದ ಹಲಗಿಯನ್ನು, ಚರ್ಮ ಬಿಗಿಯಾಗಲೆಂದು, ಬೆಂಕಿಗೆ ಕಾಯಿಸಿ ತಂದ.

ನಮ್ಮ ಕಡೆ ಡಂಗುರಕ್ಕೆ ಒಂದು ಬಾಲ ಇದೆ. ಕೆರೆಯ ಹೂಳೆತ್ತುವುದಿರಲಿ, ಕಾಲುವೆ ಒಡೆದಿರಲಿ, ಮಠದ ಗೋಡೆ ಬಿದ್ದಿರಲಿ, ಡಂಗುರದ ಕೊನೆಯ ಮಾತು ಅಜ್ಜನ ಕಾಲದಿಂದ ಒಂದೇ: ಮನೆಗೊಬ್ಬರು ಬರಬೇಕು, ತಪ್ಪಿದ ಮನೆಗೆ ದಂಡ. ಅದಿಲ್ಲದೆ ಡಂಗುರ ಮುಗಿಯುವುದಿಲ್ಲ. ಅಪ್ಪ ಅಂದೂ ಹಾಗೆಯೇ ಮುಗಿಸಿದ.

"ಕೇಳ್ರೆಪೋ ಕೇಳ್ರಿ. ಸರಕಾರದ ಹುಕುಂ ಆಗೇತಿ. ಬರೂ ಐತವಾರ ರಾಣೆಬೆನ್ನೂರಾಗ ಮಿಲಿಟರಿಗೆ ಮಂದಿ ತಗೋತಾರ. ಮನಿಗೊಬ್ಬರು ಬರಬೇಕ್ರೆಪೋ. ತಪ್ಪಿದ ಮನಿಗೆ ದಂಡ ಐತ್ರೆಪೋ."

ನೀವು ಆಗ ಏನು ಮಾಡಿದಿರಿ, ನೆನಪಿದೆಯೇ? ಬೇವಿನ ಗಿಡದ ನೆರಳಿನಲ್ಲಿ ಜೀಪಿಗೆ ಒರಗಿ ನಗುತ್ತ ಅಂದಿರಿ: "ಭೇಷ್. ಚೆನ್ನಾಗಿ ಹೇಳ್ತಾನಲ್ಲ. ಈ ಸುತ್ತಿನ ಹಳ್ಳಿಗಳಿಗೆಲ್ಲ ಇವನನ್ನೇ ಕರ್ಕೊಂಡು ಹೋಗಿ." ಸಿಪಾಯಿ ನಿಮ್ಮ ಕಿವಿಯ ಹತ್ತಿರ ಬಂದು, "ಸರ, ದಂಡ ಅಂದಾನ್ರಿ, ಹಂಗೇನಿಲ್ಲಲ್ರಿ" ಎಂದ. ನೀವು, "ಇರ್ಲಿ ಬಿಡಯ್ಯಾ, ಹಾಗಂದ್ರೇನೇ ಬರೋದು ಇವರು" ಎಂದಿರಿ. ನಾನು ಜೀಪಿನ ಆಚೆ ಬದಿಗೆ ನಿಂತಿದ್ದೆ. ನನ್ನನ್ನು ನೀವು ನೋಡಲಿಲ್ಲ. ನಮ್ಮಂಥವರು ಜೀಪಿನ ಸುತ್ತ ನಿಂತಿರುತ್ತೇವೆ ಎಂದು ಜೀಪಿನಲ್ಲಿ ಬರುವವರಿಗೆ ಹೊಳೆಯುವುದಿಲ್ಲ.

ಅಪ್ಪ ನಿಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಹಲಗಿ ತೊಡೆಯ ಮೇಲಿಟ್ಟುಕೊಂಡು ಹೋದ. ಊರ ಹೊಟೇಲಿನ ಒಳಗೆ ಎಂದೂ ಕೂರದವನು ಸರಕಾರದ ಗಾಡಿಯಲ್ಲಿ ಕೂತಿದ್ದ. ತಿರುಗಿ ಬಂದು ಅವ್ವನಿಗೆ, "ಸಾಹೇಬ್ರು ಭೇಷ್ ಅಂದ್ರಬೇ" ಅಂದ. ಸುಳ್ಳು ವದಂತಿ ಹಬ್ಬಿಸುವವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹಳ್ಳಿಹಳ್ಳಿ ಸುತ್ತಿಸುವುದು ಯಾವ ಕಾಯ್ದೆಯಲ್ಲಿದೆ, ಮಾನ್ಯರೇ?

ಊರು ಹೆದರಿತು. ಯುದ್ಧಕ್ಕೆ ಸರಕಾರ ಮನೆಗೊಂದು ತಲೆ ಕೇಳಿದೆ ಎಂದೇ ಎಲ್ಲರೂ ತಿಳಿದರು. ದುರ್ಗಾಳ ತಾಯಿ ಉಡಚವ್ವ ವಿಧವೆ. ಅವಳು ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕೈ ತಿರುವಿದಳು. "ಹೇಮಪ್ಪಾ, ನನ್ನ ಮನ್ಯಾಗ ಗಂಡಸಂತ ಇರೂದು ಒಂದ ಹುಂಜ. ಅದನ್ನ ಕಳಸ್ಲೇನು?"

ಅಪ್ಪ ಯೋಚಿಸಿ ಹೇಳಿದ: "ಕೆರಿ ಕೆಲಸಕ್ಕ ನೀನ ಬರತಿದ್ದಿ ಹೌದಿಲ್ಲೋ? ಇದಕ್ಕೂ ನೀನ ಬಾ. ಬುಟ್ಟಿ ತಗೊಂಡು ಬಾ."

ನಗಬೇಡಿ. ಅಥವಾ ನಗಿ, ನಾವೂ ಆಮೇಲೆ ಒಮ್ಮೆ ನಕ್ಕಿದ್ದೇವೆ. ಆದರೆ ಆ ಮಾತೇ ಎಲ್ಲರನ್ನೂ ಮುಗಿಸಿತು. ಮನೆಗೊಬ್ಬರು ಎಂದು ಕರೆದಾಗ ಸಲಿಕೆ, ಬುಟ್ಟಿ, ಕುಡಗೋಲು, ರೊಟ್ಟಿ ಗಂಟು ತಮ್ಮದೇ ತರಬೇಕೆಂಬುದು ನಮ್ಮ ರೂಢಿ. ಸರಕಾರ ಯುದ್ಧಕ್ಕೆ ಕರೆದರೆ ಅಲ್ಲಿ ಕಂದಕ ತೋಡುವುದಿರುತ್ತದೆ, ಮುಳ್ಳು ಸವರುವುದಿರುತ್ತದೆ ಎಂದು ಹಿರಿಯರು ಲೆಕ್ಕ ಹಾಕಿದರು. ಸುತ್ತಿನ ಹಳ್ಳಿಗಳೆಲ್ಲ ಸಲಿಕೆಗೆ ಹೊಸ ಹಿಡಿಕೆ ಹಾಕಿಸಿಕೊಂಡವು.

ಮುಸ್ತಾಕನ ಮನೆಯಲ್ಲಿ ಬೇರೆಯೇ ಮಾತು ನಡೆಯಿತು. ಅವನ ತಂದೆ ಯೂಸುಫಸಾಬರದು ನಮ್ಮೂರಿನ ಖಾರದ ಗಿರಣಿ. ಮುಸ್ತಾಕ್ ಅವರ ಒಬ್ಬನೇ ಮಗ, ಬ್ಯಾಡಗಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಾನೂ ಅವನೂ ಒಂದೇ ಲಾರಿಗೆ ಚೀಲ ಏರಿಸುತ್ತಿದ್ದೆವು. "ಅಬ್ಬಾ, ನಾ ಒಲ್ಲೆ. ಗುರುತಿಲ್ಲದವನ್ನ ಯಾಕ ಕೊಲ್ಲಬೇಕು? ಗುರುತಿದ್ದವ್ರನ್ನ ನಾ ಕೊಲ್ಲದ ಬಿಟ್ಟೇನಿ" ಎಂದ ಮುಸ್ತಾಕ್. ಯೂಸುಫಸಾಬರು ಗಿರಣಿಯ ಪಟ್ಟಾ ಸರಿಮಾಡುತ್ತ ತಲೆ ಎತ್ತದೆ ಹೇಳಿದರು: "ಮಂದಿ ಮನ್ಯಾಗಿಂದ ಹೋಗದಿದ್ರ ದಂಡ ಕಟ್ಟಿ ಕೈ ತೊಳಕೊಂತಾರ. ನಮ್ಮ ಮನ್ಯಾಗಿಂದ ಹೋಗದಿದ್ರ, ಇವ ಯಾಕ ಹೋಗ್ಲಿಲ್ಲಪಾ ಅಂತ ನಾ ಸಾಯೂತನಾ ಕೇಳ್ತಾರ. ನೀ ಹೋಗು. ಅಲ್ಲೇ ಹೋಗಿ ಒಲ್ಲೆ ಅನ್ನು."

ಹಾಗಾಗಿ ಮುಸ್ತಾಕ್ ಬಂದದ್ದು ಒಲ್ಲೆ ಎನ್ನಲು. ಭರ್ತಿಯ ಇಡೀ ಬಯಲಿನಲ್ಲಿ ಏನು ಮಾಡಲು ಬಂದಿದ್ದೇನೆಂದು ಸ್ಪಷ್ಟವಾಗಿ ಗೊತ್ತಿದ್ದವನು ಅವನೊಬ್ಬನೇ.

ಆ ಭಾನುವಾರ ನಾವಿಬ್ಬರು ಪೇಟೆಯಲ್ಲಿ ಒಂದು ಲಾರಿ ತುಂಬಿ, ಮೈಗೆ ಹತ್ತಿದ ಖಾರದ ಧೂಳನ್ನೂ ತೊಳೆಯದೆ ರಾಣೆಬೆನ್ನೂರಿಗೆ ಹೋದೆವು. ಸ್ಟೇಷನ್ ರಸ್ತೆಯಲ್ಲಿ ನಿಜಲಿಂಗಪ್ಪ ಮಾಸ್ತರರ ಸೈಕಲ್ ಅಂಗಡಿ. ಸರಕಾರಿ ಶಾಲೆಯ ಕೆಲಸ ಬಿಟ್ಟು ಪಂಕ್ಚರ್ ಹಚ್ಚುತ್ತಿದ್ದ ಮನುಷ್ಯ. ಯಾರೂ ಯಾರ ಮೇಲೂ ಹುಕುಂ ಮಾಡಬಾರದು ಎನ್ನುವುದೊಂದೇ ಅವರ ಧರ್ಮ. ಅದನ್ನು ಹಾಳೆಯಲ್ಲಿ ಅಚ್ಚು ಹಾಕಿಸಿ ಬಸ್ ಸ್ಟ್ಯಾಂಡಿನಲ್ಲಿ ಹಂಚುತ್ತಿದ್ದರು. ಮಂದಿ ಅದರಲ್ಲಿ ಮಿರ್ಚಿ ಕಟ್ಟಿಸಿಕೊಂಡು ತಿನ್ನುತ್ತಿದ್ದರು. ನಾವೂ ಆಗಾಗ ಹಂಚಿದ್ದೇವೆ, ಮಿರ್ಚಿಯನ್ನೂ ತಿಂದಿದ್ದೇವೆ. ಡಂಗುರದ ಮಾತು ಕೇಳಿ ಅವರು ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟರು.

"ಯಾವ ಕಾಯ್ದೆನೂ ಇಲ್ರೋ. ಈ ದೇಶದಾಗ ಖುಷಿ ಇದ್ದವ ಮಿಲಿಟರಿಗೆ ಹೋಗತಾನ. ಹುಕುಂ ಅಂದವ ಯಾವನು?"

"ಜೀಪಿನ್ಯಾಗ ಬಂದಿದ್ರಿ ಸರ."

"ಜೀಪಿಗೆ ಹೆದರತೀರೇನು? ಸರಕಾರ ಅಂದ್ರ ಮಂದಿ ಹೂಂ ಅನ್ನೂದಷ್ಟ. ಹೂಂ ಅನ್ನೂದು ಬಿಟ್ರ ಜೀಪಿನ್ಯಾಗ ಉಳಿಯೂದು ಬರೇ ಡೀಸೆಲ್. ಹೋಗ್ರಿ, ಲಗೂ ಹೋಗಿ ಮಂದಿಗೆ ಹೇಳ್ರಿ."

ಬೀಜದ ಗೋದಾಮುಗಳ ಹಿಂದಿನ ಆ ಬಯಲಿಗೆ ನಾವು ಹೋದಾಗ ಒಳಗೆ ಚಡ್ಡಿ ಹಾಕಿದ ಹುಡುಗರು ಓಡುತ್ತಿದ್ದರು. ಖುಷಿಯಿಂದ ಬಂದವರು ಅವರು, ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ಗೇಟಿನ ಹೊರಗೆ ನಮ್ಮವರು. ಮುದುಕರು, ಹೆಂಗಸರು, ಕುಂಟರು, ಹೆಗಲಿಗೆ ಸಲಿಕೆ, ಸೊಂಟಕ್ಕೆ ಕುಡಗೋಲು. ಒಬ್ಬ ಪೇದೆ ಉಡಚವ್ವನ ಬುಟ್ಟಿಯನ್ನು ಲಾಠಿಯಿಂದ ತಟ್ಟಿ, "ಏನಬೇ, ಕೆರಿ ಹೂಳ ಎತ್ತಾಕ ಬಂದೀಯೇನು?" ಎಂದ. ಉಡಚವ್ವ ಸುತ್ತ ನೋಡಿ, "ಕೆರಿ ಎಲ್ಲೈತ್ರಿ ಯಪ್ಪಾ?" ಎಂದು ಕೇಳಿದಳು. ಪೇದೆಗಳೂ ನಕ್ಕರು. ಆ ದಿನ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಮುಸ್ತಾಕ್ ನೀರಿನ ಟ್ಯಾಂಕರ್ ಹತ್ತಿ ನಿಂತ. "ಹುಕುಂ ಇಲ್ರೀ. ಸುಳ್ಳು ಹೇಳ್ಯಾರ. ಖುಷಿ ಇದ್ದವ್ರು ಒಳಗ ಹೋಗ್ರಿ, ಉಳಿದವ್ರು ಮನಿಗೆ ನಡೀರಿ. ದಂಡ ಇಲ್ಲ, ಏನಿಲ್ಲ." ಜನ ಒಬ್ಬರ ಮುಖ ಒಬ್ಬರು ನೋಡಿದರು. ಆ ಗುಂಪಿನಲ್ಲಿದ್ದ ನಮ್ಮಪ್ಪನೇ ಮುಂದೆ ಬಂದು ಕೇಳಿದ: "ನೀ ಹೇಳಿದ್ರ ಹೆಂಗೋ ತಮ್ಮಾ? ಸಾರಿದವ ನಾನು, ಸಾರಿಸಿದವ್ರು ಸಾಹೇಬ್ರು. ಸಾಹೇಬ್ರು ಬಂದು ಇಲ್ಲ ಅನ್ಲಿ. ಅಲ್ಲೀತನಾ ಕುಂದ್ರೂಣು." ಸರಿ ಎಂದರು ಎಲ್ಲ. ಸಲಿಕೆಯನ್ನು ನೆಲಕ್ಕೆ ಊರಿ, ಗೇಟಿನ ಮುಂದೆ ಕೂತು, ರೊಟ್ಟಿ ಗಂಟು ಬಿಚ್ಚಿದರು. ಇದೇ ನಿಮ್ಮ ವರದಿಯ "ಮಾರಕಾಸ್ತ್ರ ಹಿಡಿದ ಉದ್ರಿಕ್ತ ಗುಂಪಿನ ಮುತ್ತಿಗೆ". ಉದ್ರಿಕ್ತ ಗುಂಪು ಆ ಹೊತ್ತಿಗೆ ಪುಂಡಿಪಲ್ಯ ಹಂಚಿಕೊಳ್ಳುತ್ತಿತ್ತು.

ನೀವು ಒಳಗೆ ಶಾಮಿಯಾನದ ಕೆಳಗಿದ್ದಿರಿ. ಎದ್ದು ಗೇಟಿಗೆ ಬಂದು, ಬಲವಂತ ಇಲ್ಲ, ಮನೆಗೆ ಹೋಗಿ ಎಂದು ಒಂದು ಸಾಲು ಹೇಳಬೇಕಿತ್ತು. ಅಷ್ಟೇ ಬೇಡಿದ್ದು ನಾವು. ಆದರೆ ಆ ಸಾಲು ಹೇಳಿದರೆ ದಂಡ ಎಂದು ಹೆದರಿಸಿ ಕರೆಸಿದ್ದು ಸೈನ್ಯದ ಅಧಿಕಾರಿಗಳ ಎದುರು ಬಯಲಾಗುತ್ತಿತ್ತು. ನೀವು ಬರಲಿಲ್ಲ. ಲಾಠಿ ಕಳಿಸಿದಿರಿ.

ಮೊದಲ ಏಟು ಒಬ್ಬ ಮುದುಕನ ಮೊಣಕೈಗೆ ಬಿತ್ತು, ಕೈಯಲ್ಲಿದ್ದ ರೊಟ್ಟಿ ಹಾರಿತು. ಕೂತವರು ಏಳಲು ಸಲಿಕೆಯ ಆಸರೆ ಹಿಡಿದರು. ಸಲಿಕೆ ಎತ್ತಿದರೆಂದು ಮತ್ತೆ ಹೊಡೆದರು. ಒಬ್ಬನ ಹಲ್ಲು ನನ್ನ ಅಂಗಿಗೆ ಬಂದು ಬಡಿಯಿತು. ಉಡಚವ್ವ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡಿದ್ದಳು. ಬುಟ್ಟಿ ಎರಡು ಹೋಳಾಯಿತು, ಆಮೇಲೆ ತಲೆ ಒಡೆಯಿತು. ಅವಳ ಬೈತಲೆಯಲ್ಲಿ ಹೊಲಿಗೆಯ ಗುರುತು ಈಗಲೂ ಇದೆ. ಮುಸ್ತಾಕನನ್ನು ಕಾಲು ಹಿಡಿದು ಟ್ಯಾಂಕರಿನಿಂದ ಎಳೆದರು. ಅವನ ಮುಖ ಮೊದಲು ಕಬ್ಬಿಣಕ್ಕೆ, ಆಮೇಲೆ ನೆಲಕ್ಕೆ ಬಡಿಯಿತು. ನಾಲ್ಕೈದು ಮಂದಿ ಸುತ್ತ ನಿಂತು ಹೊಡೆದರು. ಅವನ ಅಂಗಿ ಪೇಟೆಯ ಖಾರದಲ್ಲಿ ನೆನೆದು ಒಣಗಿದ್ದು. ಏಟು ಬಿದ್ದಾಗಲೆಲ್ಲ ಮೈಯಿಂದ ಕೆಂಪು ಧೂಳು ಏಳುತ್ತಿತ್ತು. ಹೊಡೆಯುವವರು ಕೆಮ್ಮಿದರು. ಕಣ್ಣುರಿ ಬಂದು, ಸಿಟ್ಟು ಹೆಚ್ಚಾಗಿ, ಇನ್ನೂ ಹೊಡೆದರು. ಹೊಡೆದಷ್ಟೂ ಧೂಳು, ಧೂಳು ಎದ್ದಷ್ಟೂ ಏಟು. ಕೊನೆಗೆ ಅಂಗಿ ರಕ್ತಕ್ಕೆ ತೊಯ್ದು ಧೂಳು ನಿಂತಿತು. ನಿಮ್ಮ ವರದಿ ಓದಿ ಹೇಳುತ್ತೇನೆ, ಕೇಳಿ: "ಆರೋಪಿಗಳು ಕರ್ತವ್ಯನಿರತ ಪೊಲೀಸರ ಕಣ್ಣಿಗೆ ಖಾರದ ಪುಡಿ ಎರಚಿದರು." ಎರಚಿದ್ದು ನಿಜ, ಮಾನ್ಯರೇ. ಅವನು ತನ್ನ ಬೆನ್ನಿನಿಂದ ಎರಚಿದ.

ಹುಬ್ಬಳ್ಳಿಗೆ ಒಯ್ಯುವ ಟೆಂಪೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಒಂದು ಕಣ್ಣು ಮುಚ್ಚಿತ್ತು. "ಯಲ್ಲ್ಯಾ, ಒಲ್ಲೆ ಅಂದೆ ಹೌದಿಲ್ಲೋ?" ಎಂದ. "ಅಂದಿಯೋ" ಎಂದೆ. "ಅಬ್ಬಾಗ ಹೇಳು" ಎಂದ. ಹಾವೇರಿ ದಾಟುವುದರೊಳಗೆ ತೊಡೆಯ ಮೇಲಿನ ತಲೆ ಭಾರವಾಯಿತು.

ಸಂಜೆ ಅಪ್ಪನನ್ನು ಠಾಣೆಗೆ ಒಯ್ದರು. ಬಲಗೈಯನ್ನು ಮೇಜಿನ ಮೇಲೆ ಇಡಿಸಿ, ಇದೇ ಕೈಯಿಂದ ಬಾರಿಸಿದೆಯಾ ಎಂದು ಕೇಳಿ, ಹೌದೆಂದ ಮೇಲೆ ಬೆರಳುಗಳನ್ನು ಮುರಿದರು. ಈಗ ಆ ಕೈ ಮುಷ್ಟಿ ಕಟ್ಟುವುದಿಲ್ಲ, ಹಲಗಿಯ ಕೋಲು ಅದರಲ್ಲಿ ನಿಲ್ಲುವುದಿಲ್ಲ. ಹಲಗಿಯಂತೂ ಮುದ್ದೆಮಾಲು, ಕೇಸಿನ ಸಾಕ್ಷಿವಸ್ತು ಎಂದು ಠಾಣೆಯಲ್ಲಿಯೇ ಇದೆ. ನನ್ನ ಹೆಸರನ್ನೂ ಬರೆದುಕೊಂಡಿದ್ದಾರೆಂದು ತಿಳಿದು ನಾನು ಗೋವಾದ ರೈಲು ಹತ್ತಿದೆ. ಊರಿನಲ್ಲಿ ಕೆಲವರು ಅಪ್ಪನ ಮುಖ ನೋಡುವುದನ್ನು ಬಿಟ್ಟರು. ಬಿಡದಿದ್ದವರು ಯೂಸುಫಸಾಬರು. ಜಾಮೀನಿನ ಮೇಲೆ ಬಂದ ದಿನ ಅಪ್ಪ ಅವರ ಗಿರಣಿಯ ಮೆಟ್ಟಿಲಿಗೆ ತಲೆ ಇಟ್ಟು, "ಸಾಬ್ರ, ನಿಮ್ಮ ಮಗನ್ನ ನಾನ ಕರದು ಕೊಂದೆ" ಎಂದನಂತೆ. ಅವರು ಅವನ ರಟ್ಟೆ ಹಿಡಿದು ಎಬ್ಬಿಸಿ, "ಏಳೋ ಹೇಮಣ್ಣಾ. ನಿನ್ನ ಹಲಗಿ ನಲವತ್ತು ವರ್ಷ ಕರದೈತಿ, ಒಬ್ಬನೂ ಸತ್ತಿದ್ದಿಲ್ಲ. ಈ ಸಲ ಕರದದ್ದು ಹಲಗಿ ಅಲ್ಲ" ಎಂದರಂತೆ. ಇಬ್ಬರೂ ಅಲ್ಲೇ ಕೂತು ಅತ್ತರು ಎಂದು ಉಡಚವ್ವ ಹೇಳಿದಳು.

ನಿಮ್ಮ ವರದಿ ನಮ್ಮನ್ನು "ಅರಾಜಕ ಶಕ್ತಿಗಳು" ಎಂದು ಕರೆದಿದೆ. ಆ ಪದದ ಅರ್ಥವನ್ನು ನಾನು ಫೋನಿನಲ್ಲಿ ಮಾಸ್ತರರಿಗೆ ಕೇಳಿದೆ. "ಬೈದಾರೋ ಹೊಗಳ್ಯಾರೋ ನೀನ ನೋಡು. ಮ್ಯಾಲೊಬ್ಬ ಒಡೆಯ ಬ್ಯಾಡ ಅನ್ನಾವ ಅಂತ ಅರ್ಥ" ಎಂದರು. ಹಾಗಿದ್ದರೆ ಒಪ್ಪಿದೆ. ಯಾರನ್ನೋ ಕೊಲ್ಲಲು ಯಾರದೋ ಮಗನನ್ನು ಹೆದರಿಸಿ ಕಳಿಸುವ ಒಡೆಯ ನಮಗೆ ಬೇಡ. ಆದರೆ ಲೆಕ್ಕ ಸರಿಮಾಡಿಕೊಳ್ಳೋಣ. ಕಾಯ್ದೆ ಇಲ್ಲದೆ ಹುಕುಂ ಮಾಡಿದವರು ನೀವು. ಹುಕುಂ ಎಲ್ಲಿದೆ ತೋರಿಸಿ ಎಂದು ಶಾಂತವಾಗಿ ಕೂತವರು ನಾವು. ನಮ್ಮಿಬ್ಬರಲ್ಲಿ ಅರಾಜಕರು ಯಾರು?

ಒಂದು ಮಾತು ಮುಚ್ಚಿಡುವುದಿಲ್ಲ. ವಾಸ್ಕೋದ ಮೊದಲ ವರ್ಷಗಳಲ್ಲಿ ನಾನು ನಿಮ್ಮನ್ನು ಮನಸ್ಸಿನಲ್ಲಿ ಬಹಳ ಸಲ ಕೊಂದಿದ್ದೇನೆ. ಸಲಿಕೆಯಿಂದ, ಸರಳಿನಿಂದ, ಒಮ್ಮೆ ಬರಿ ಕೈಯಿಂದ. ಕಾಂಕ್ರೀಟು ಕುಟ್ಟುವಾಗ ಅದರಲ್ಲಿ ನಿಮ್ಮ ಮುಖ ಕಾಣುತ್ತಿತ್ತು, ಗಟ್ಟಿಯಾಗಿ ಕುಟ್ಟುತ್ತಿದ್ದೆ. ಮೇಸ್ತ್ರಿ ಕೆಲಸ ಚೆನ್ನಾಗಿದೆ ಎನ್ನುತ್ತಿದ್ದ. ಆದರೆ ಆ ಸಿಟ್ಟಿನ ಕೊನೆಗೆ ಪ್ರತಿ ಸಲ ಮುಸ್ತಾಕ್ ಬಂದು ಒಲ್ಲೆ ಎನ್ನುತ್ತಾನೆ. ಅವನು ಒಲ್ಲೆ ಎಂದು ಸತ್ತ ಕೆಲಸವನ್ನೇ ನಾನು ಮಾಡಿದರೆ ಅವನಿಗೆ ಯಾವ ಮುಖ ತೋರಿಸಲಿ? ನೀವು ಬದುಕಿರುವುದು ನಿಮ್ಮ ಪೊಲೀಸರಿಂದಲ್ಲ, ನೀವು ಕೊಲ್ಲಿಸಿದವನ ಒಂದು ಮಾತಿನಿಂದ. ಇದನ್ನು ತಿಳಿದು ಊಟ ಮಾಡಿ.

ಎಲ್ಲಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ನಮ್ಮಪ್ಪ ಇನ್ನೂ ನಿಮ್ಮನ್ನು ನಂಬಿದ್ದಾನೆ. ಮೊನ್ನೆ ಫೋನಿನಲ್ಲಿ ಹೇಳಿದ: "ಸಾಹೇಬ್ರು ಖರೇ ಹೇಳ್ತಾರ ಬಿಡೋ. ಭೇಷ್ ಅಂದವ್ರು ಕೇಳೇ ಇಲ್ಲ ಅಂತ ಹೆಂಗ ಅಂತಾರ? ಅವರ ಕಿವಿ ಚಲೋ ಅದಾವು." ಆ ಸಿಪಾಯಿ ಈಗಿಲ್ಲ. ನಾನು ಆರೋಪಿ, ನನ್ನ ಮಾತು ನಡೆಯುವುದಿಲ್ಲ. ನಿಮ್ಮ ಆ ಭೇಷ್ ಒಂದೇ ಅವನ ಸಾಕ್ಷಿ.

ಆದ್ದರಿಂದ ಬೇಡಿಕೆ ಇಷ್ಟು. ಕಟಕಟೆಯಲ್ಲಿ ನಿಂತು, ಡಂಗುರವನ್ನು ನಾನು ಕೇಳಿದೆ, ತಪ್ಪೆಂದು ಗೊತ್ತಿದ್ದೂ ತಡೆಯಲಿಲ್ಲ, ನನ್ನ ಜೀಪಿನಲ್ಲಿಯೇ ಸಾರಿಸಿದೆ ಎಂದು ಹೇಳಿ. ನೀವು ಆ ದಿನ ಬರುತ್ತೀರೋ ಇಲ್ಲವೋ, ನಾನು ಬರುತ್ತೇನೆ. ಹಾವೇರಿಯ ಕೋರ್ಟಿನ ಮುಂದಿನ ಬಾಗಿಲಿನಿಂದಲೇ ಬಂದು ಕೈ ಒಡ್ಡುತ್ತೇನೆ, ಕೋಳ ತೊಡಿಸುವವರು ತೊಡಿಸಲಿ.

ಆಮೇಲೆ ಠಾಣೆಯಿಂದ ಆ ಹಲಗಿ ಬಿಡಿಸಿಕೊಂಡು ನಮ್ಮೂರಿಗೆ ಬನ್ನಿ. ಜೀಪು ಬೇಡ, ಕಾಗಿನೆಲೆಯಿಂದ ನಡೆದು ಬನ್ನಿ. ಆರು ವರ್ಷ ಮೂಲೆಯಲ್ಲಿ ಬಿದ್ದ ಚರ್ಮ ಸಡಿಲಾಗಿರುತ್ತದೆ. ಅಗಸಿಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ ಕೊಡುತ್ತೇವೆ. ಬಾರಿಸಲು ನಮ್ಮಪ್ಪನ ಕೈ ಬರುವುದಿಲ್ಲ. ನಿಮ್ಮ ಕೈ ನೆಟ್ಟಗಿದೆ. ಓಣಿ ಓಣಿ ತಿರುಗಿ ನೀವೇ ಬಾರಿಸಿ, ಖಾರದ ಗಿರಣಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಮಾತು ಏನೆಂದು ಅಪ್ಪ ಪಕ್ಕದಲ್ಲಿ ನಡೆಯುತ್ತ ಹೇಳಿಕೊಡುತ್ತಾನೆ. ಬಾಲ ಮಾತ್ರ ಈ ಸಲ ಬೇರೆ: ಯಾರ ಮನಿಯಿಂದಾನೂ ಯಾರೂ ಬರೂದು ಬ್ಯಾಡ್ರೆಪೋ. ದಂಡ ಇಲ್ರೆಪೋ.

ಇಂತಿ,
ನಿಮ್ಮ ವರದಿಯಲ್ಲಿ ತಲೆ ಮರೆಸಿಕೊಂಡವನು,
ತಲೆ ಒಡೆಸಿಕೊಂಡವನ ಗೆಳೆಯ,
ಯಲ್ಲೇಶ ಹೇಮಪ್ಪ